ಅಂಗಡಿಯ ಪರವಾಗಿಲ್ಲ

ಜನವರಿ 11

ಸೂಜಿಗೆ,

ಇಸ್ಪೀಟಿನಲ್ಲಿ ಒಂದೇ ಒಂದು ಆಟವನ್ನೂ ಸೋಲದೆ ಅರವತ್ತೆಂಟು ವರ್ಷ ಬದುಕಿರುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ, ಅವನು ನಿನ್ನ ಸೋದರಮಾವ. ಅಂಥವನಿಗೆ ನೀನು ‘ಫೋನ್ ಮಾಡಬೇಡ, ಹೇಳುವುದಿದ್ದರೆ ಬರಿ’ ಎಂದು ಒಂದೂವರೆ ಸಾಲಿನ ಅಪ್ಪಣೆ ಕಳಿಸಿದ್ದೀಯ. ಮೂರು ಭಾನುವಾರ ನನ್ನ ಫೋನು ನಡುವೆಯೇ ಕಟ್ಟಾದದ್ದು ನಿನ್ನ ಕೈಯಿಂದ ಎಂದು ಈಗ ತಿಳಿಯಿತು. ನಾನು ಸುಮ್ಮನೆ ಫೋನಿನ ಕಂಪನಿಯವರನ್ನು ಬೈದೆ. ಆಗಲಿ, ಬರೆಯುತ್ತೇನೆ. ಏಳನೇ ಕ್ಲಾಸಿನಲ್ಲಿ ನನ್ನ ಅಕ್ಷರ ನೋಡಿ ಮೇಷ್ಟ್ರು ಮಾತು ಹೊರಡದೆ ನಿಂತುಬಿಟ್ಟಿದ್ದರು. ನಾನು ಎಂಟಕ್ಕೆ ಹೋಗದಿದ್ದದ್ದು ಉಳಿದವರಿಗೂ ಒಂದು ಅವಕಾಶ ಸಿಗಲಿ ಎಂದು.

ನಿನ್ನ ಅತ್ತೆ ಹೋಗಿ ಇವತ್ತಿಗೆ ಮೂವತ್ತಾರು ದಿನ. ನೀನು ಬಂದು ಎರಡು ದಿನ ಇದ್ದು ಹೋದ ವಾರಕ್ಕೆ ಅಂಗಡಿ ತೆರೆದೆ. ಗಿರಾಕಿಗಳು ಬಂದರು, ಬಾಗಿಲಲ್ಲಿ ನಿಂತು ತಲೆ ತಗ್ಗಿಸಿದರು, ಆಮೇಲೆ ಪ್ಯಾಂಟು ಯಾವಾಗ ಸಿಗುತ್ತದೆ ಎಂದು ಕೇಳಿದರು. ತಪ್ಪಲ್ಲ. ಪ್ಯಾಂಟು ಯಾವಾಗ ಸಿಗುತ್ತದೆ ಎಂದು ಹೇಳುವುದು ನನಗೂ ಸುಲಭ.

ಹೊಸದೇನು ಎಂದರೆ, ಅಂಗಡಿಗೆ ಒಂದು ಕಾಯಿದೆ ತಂದಿದ್ದೇನೆ. ನಿನಗೆ ನೆನಪಿರಬೇಕು, ಅವಳು ಭಾನುವಾರ ಬೆಳಿಗ್ಗೆ ಹನ್ನೆರಡು ಸೂಜಿಗೆ ದಾರ ಪೋಣಿಸಿ ಗೋಡೆಯ ಪುಟ್ಟ ದಿಂಬಿಗೆ ಚುಚ್ಚಿಡುತ್ತಿದ್ದಳು. ನನ್ನ ಕಣ್ಣಿಗೆ ಸೂಜಿಯ ಕಣ್ಣು ಕಾಣುವುದು ನಿಂತು ಹತ್ತು ವರ್ಷವಾಯಿತಲ್ಲ, ಅದಕ್ಕೆ. ಆ ಹನ್ನೆರಡೂ ವಾರಕ್ಕೆ ಸರಿಹೋಗುತ್ತಿದ್ದವು. ಅವಳು ಕೊನೆಯ ಸಲ ಪೋಣಿಸಿದ್ದರಲ್ಲಿ ಹನ್ನೊಂದು ಮುಗಿದವು, ಒಂದು ಉಳಿದಿದೆ, ಕಪ್ಪು ದಾರದ್ದು. ಅದನ್ನು ಮುಟ್ಟಿಲ್ಲ, ಕಪ್ಪು ಬಟ್ಟೆಯ ಕೆಲಸ ಬಂದಿಲ್ಲ ಅಷ್ಟೆ. ಈಗ ಯಾರೇ ಬಟ್ಟೆ ಒಯ್ಯಲು ಬರಲಿ, ಮೊದಲು ಒಂದು ಸೂಜಿಗೆ ದಾರ ಹಾಕಿ ಕೊಡಬೇಕು. ನಿನ್ನೆ ಪಕ್ಕದ ಕ್ಷೌರದವನು ಬಂದು ನಾಲಿಗೆಯಲ್ಲಿ ದಾರ ಒದ್ದೆ ಮಾಡಿ ಮಾಡಿ ಕಾಲು ಗಂಟೆ ಒದ್ದಾಡಿದ. ಗಲ್ಲದ ಮೇಲೆ ಕತ್ತಿ ಆಡಿಸುವವನ ಕೈ ಹೀಗೆ ನಡುಗುವುದನ್ನು ನೋಡಿ, ಇನ್ನು ಮೇಲೆ ಗಡ್ಡ ಮನೆಯಲ್ಲೇ ಎಂದು ತೀರ್ಮಾನಿಸಿದ್ದೇನೆ.

ಸಂಜೆ ಆರಕ್ಕೆ ಷಟರು ಅರ್ಧ ಇಳಿಸಿ, ಕತ್ತರಿಸುವ ಮೇಜಿನ ಮೇಲೆ ಎಂದಿನಂತೆ ಇಸ್ಪೀಟಿನ ಎಲೆ ಹಾಕುತ್ತೇನೆ. ಎರಡು ಕೈ. ನನ್ನದು ನಾನು ಆಡುತ್ತೇನೆ, ಅವಳದ್ದನ್ನೂ ನಾನೇ ಆಡುತ್ತೇನೆ, ಮೋಸ ಮಾಡದೆ. ಮೊದಲು ಗುಂಡಿ ಪಣ ಇಟ್ಟು ಆಡುತ್ತಿದ್ದೆವು. ಅವಳ ಗುಂಡಿ ಗಾಜಿನ ಜಾಡಿಯಲ್ಲಿ, ನನ್ನವು ಬಿಸ್ಕತ್ತಿನ ಡಬ್ಬದಲ್ಲಿ. ಡಬ್ಬದ ಮುಚ್ಚಳ ತುಕ್ಕು ಹಿಡಿದು ಕೂತಿದೆ, ತೆಗೆಯಲು ಬರುವುದಿಲ್ಲ. ಅದಕ್ಕೆ ಈಗ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತೇನೆ. ಯಾರು ಗೆಲ್ಲುತ್ತಾರೆ ಎಂದು ಕೇಳಬೇಡ, ಮೊದಲ ಸಾಲು ಓದು.

ಉಂಡು ಮಲಗುತ್ತೇನೆ, ಏಳುತ್ತೇನೆ. ನೀನು ಬರಿ.

ನಿನ್ನ ಮಾವ


ಫೆಬ್ರವರಿ 20

ಮಾವ,

ಪತ್ರ ಬಂದು ತಿಂಗಳಾಯಿತು. ತಡವಾಯಿತು.

ಇಲ್ಲಿ ಕೆಲಸ ನಡೆದಿದೆ. ಡಿಸೆಂಬರಿನಲ್ಲಿ ಕ್ರೇನಿನ ಲೈಸೆನ್ಸ್ ಸಿಕ್ಕಿತು, ಹೇಳಿದ್ದೆನೋ ಇಲ್ಲವೋ. ಈಗ ಬಂದರಿನ ದೊಡ್ಡ ಕ್ರೇನಿಗೆ ನನ್ನನ್ನು ಒಬ್ಬಳನ್ನೇ ಹತ್ತಿಸುತ್ತಾರೆ. ಕೂರುವ ಗೂಡು ಹದಿನಾಲ್ಕು ಅಂತಸ್ತಿನಷ್ಟು ಎತ್ತರ, ಕಾಲಡಿಗೆ ಗಾಜು. ಹಡಗಿನಿಂದ ಪೆಟ್ಟಿಗೆ ಎತ್ತಿ ಲಾರಿಯ ಮೇಲೆ ಇಡುವುದು. ಪೆಟ್ಟಿಗೆಯ ನಾಲ್ಕು ಮೂಲೆಯಲ್ಲಿ ನಾಲ್ಕು ತೂತು ಇರುತ್ತವೆ. ಕ್ರೇನಿನ ನಾಲ್ಕು ಕೊಕ್ಕೆ ನಾಲ್ಕರೊಳಗೂ ಒಟ್ಟಿಗೆ ಇಳಿದು ತಿರುಗಿಕೊಳ್ಳಬೇಕು. ಅತ್ತೆಯ ಕಾಜಾ ಮತ್ತು ಗುಂಡಿ, ಅಷ್ಟೆ, ಬರಿ ಮೂವತ್ತು ಟನ್ನಿನದು. ನನ್ನ ಕೈ ಮೆತ್ತಗಿದೆ ಎನ್ನುತ್ತಾರೆ. ಯಾರು ಕಲಿಸಿದರು ಎಂದು ಯಾರೂ ಕೇಳಿಲ್ಲ.

ಒಂದು ಮಾತು ಕೇಳಬೇಕು. ಫೋನಿನಲ್ಲಿ ಕೇಳಲಾರೆ, ನಿನ್ನ ದನಿ ಬಂದರೆ ಆ ಮಂಗಳವಾರವೇ ಬರುತ್ತದೆ. ಅತ್ತೆಗೆ ಹುಷಾರಿಲ್ಲ ಎಂದು ಗೊತ್ತಾಗಿ ನಾನು ಫೋನ್ ಮಾಡಿದೆ. ‘ಹೇಗಿದಾಳೆ ಮಾವ, ನಾನು ಬರ್ಲಾ?’ ಎಂದೆ. ನೀನು ‘ಪರವಾಗಿಲ್ಲ’ ಎಂದೆ. ಶನಿವಾರ ನೀನೇ ಫೋನ್ ಮಾಡಿ ಹೋದಳು ಎಂದೆ. ಒಂದೂವರೆ ದಿನದ ರೈಲು. ಸೋಮವಾರ ಮಧ್ಯಾಹ್ನ ನಾನು ಬಂದಾಗ ಮನೆ ಒರೆಸಿ ಆಗಿತ್ತು.

ಮಂಗಳವಾರ ನೀನು ಆ ಮಾತು ಅಂದಾಗ ಅತ್ತೆ ಎಚ್ಚರವಾಗಿದ್ದಳಾ? ನಿನ್ನ ಪಕ್ಕದಲ್ಲಿದ್ದಳಾ?

ಇಷ್ಟೇ.


ಮಾರ್ಚ್ 8

ಸೂಜಿಗೆ,

ನಿನ್ನ ಹೆಸರನ್ನು ನಾನು ಸುಮ್ಮನೆ ಇಟ್ಟಿಲ್ಲ. ಅಕ್ಕ ತೀರಿಕೊಂಡು ನೀನು ನಮ್ಮ ಮನೆಗೆ ಬಂದಾಗ ಆರು ವರ್ಷದವಳು, ಕಡ್ಡಿಯಂತಿದ್ದೆ, ಬಾಯಿ ತೆರೆದರೆ ಚುಚ್ಚುತ್ತಿದ್ದೆ. ಈಗಲೂ ಹಾಗೇ.

ಕ್ರೇನಿನ ವಿಷಯ ಬೀದಿಗೆಲ್ಲ ಹೇಳಿದ್ದೇನೆ. ಹದಿನಾಲ್ಕು ಅಂತಸ್ತು ಎಂದಿದ್ದೆ ನೀನು. ನಾನು ನಲವತ್ತು ಎಂದೆ. ಎತ್ತರ ಕಡಿಮೆ ಹೇಳಿ ಯಾರಿಗೆ ಲಾಭ. ಕ್ಷೌರದವನು, ಅಷ್ಟು ಮೇಲಿದ್ದರೆ ಮೋಡ ಅಡ್ಡ ಬರುವುದಿಲ್ಲವೇ ಎಂದು ಕೇಳಿದ. ಸರಿಸಿಕೊಳ್ಳಲು ಒಂದು ಕೋಲು ಕೊಟ್ಟಿದ್ದಾರೆ ಎಂದೆ. ನಂಬಿದ್ದಾನೆ.

ನಿನ್ನ ಪ್ರಶ್ನೆ. ಹೇಳುತ್ತೇನೆ, ಆದರೆ ಮೊದಲು ಬ್ಯಾಂಕಿನ ಕಾವಲುಗಾರನ ಕೋಟಿನ ಕಥೆ. ಅದು ನೀನು ಊರು ಬಿಟ್ಟ ಮೇಲಿನದು, ನಿನಗೆ ಗೊತ್ತಿಲ್ಲ. ಮಗಳ ಮದುವೆಗೆ ಹೊಲಿಸಿದ ಕೋಟು. ಟ್ರಯಲ್ಲಿಗೆ ಬಂದು ಹಾಕಿಕೊಂಡ. ಎಡ ಭುಜ ರಜೆ ಕೇಳುವ ಹುಡುಗನ ಕೈಯ ಹಾಗೆ ಮೇಲೆದ್ದಿತ್ತು. ಅವನಿಗೋ ಕನ್ನಡಿಯಲ್ಲಿ ಮುಖ ಬಿಟ್ಟು ಬೇರೆ ಏನೂ ಕಾಣುತ್ತಿಲ್ಲ. ನಾನು ಅವಳ ಕಡೆ ತಿರುಗಿ ‘ಹೇಗಿದೆ?’ ಎಂದೆ. ಅವಳು ಕಾಜಾದಿಂದ ಕಣ್ಣು ಎತ್ತಿ ಒಮ್ಮೆ ನೋಡಿ ‘ಪರವಾಗಿಲ್ಲ’ ಎಂದಳು. ಕಾವಲುಗಾರ ಹಿಗ್ಗಿ ಹೀರೆಕಾಯಿಯಾದ. ನಾನು, ‘ಒಂದು ಗಂಟೆ ಬಿಟ್ಟು ಬನ್ನಿ ಸಾರ್, ಇಸ್ತ್ರಿ ಹಾಕಿಡ್ತೀವಿ’ ಎಂದು ಕಳಿಸಿ, ಅವನು ತಿರುವು ದಾಟುವ ಮೊದಲೇ ಬ್ಲೇಡು ತೆಗೆದು ಎಡ ತೋಳನ್ನು ಪೂರ್ತಿ ಬಿಚ್ಚಿದೆ.

ಈ ಗುಟ್ಟು ಮೂರೇ ಜನಕ್ಕೆ ಗೊತ್ತು. ಬೀದಿಯ ಪರವಾಗಿಲ್ಲ ಎಂದರೆ ಚೆನ್ನಾಗಿದೆ, ಚಿಂತೆಯಿಲ್ಲ. ಅಂಗಡಿಯ ಪರವಾಗಿಲ್ಲ ಎಂದರೆ ಕೆಟ್ಟಿದೆ, ಬಿಚ್ಚಬೇಕು, ಗಿರಾಕಿಗೆ ತಿಳಿಯಬಾರದು. ಒಂಬತ್ತು ವರ್ಷದವಳು ನೀನು, ಮೂಲೆಯಲ್ಲಿ ಪಾಠ ಬರೆಯುತ್ತ ಕೂತವಳು, ಆ ಮಾತು ಕಿವಿಗೆ ಬಿದ್ದ ಕೂಡಲೇ ಎದ್ದು, ಯಾರೂ ಹೇಳದೆ, ಬ್ಲೇಡು ತಂದು ನನ್ನ ಕೈಗೆ ಇಡುತ್ತಿದ್ದೆ.

ಫೋನಿನಲ್ಲಿ ನಾನು ಅಂದದ್ದು ಬೀದಿಯದು. ಅವಳು ಆಗ ನಿದ್ದೆಯಲ್ಲಿದ್ದಳು. ಎರಡಕ್ಕೂ ಉತ್ತರ ಸಿಕ್ಕಿತಲ್ಲ.

ಆಟದಲ್ಲಿ ಮೂರು ಸಂಜೆ ಅವಳು ಗೆದ್ದಳು. ಬೇಕೆಂದೇ ಬಿಟ್ಟುಕೊಟ್ಟೆ.

ನಿನ್ನ ಮಾವ


ಜೂನ್ 14

ಸೂಜಿಗೆ,

ಮೂರು ತಿಂಗಳು ಕಳೆದವು. ಪೋಸ್ಟಿನವನು ನನ್ನನ್ನು ಕಂಡರೆ ಈಗ ರಸ್ತೆಯ ಆ ಬದಿಗೆ ಹೋಗುತ್ತಾನೆ, ಕೊಡಲು ಏನೂ ಇಲ್ಲದ್ದಕ್ಕೆ ಅವನಿಗೇ ನಾಚಿಕೆ. ನಿನಗೆ ಕೋಪ ಎಂದು ಲೆಕ್ಕ ಹಾಕಿದ್ದೇನೆ. ಇರಲಿ, ಕೋಪ ಆರೋಗ್ಯಕ್ಕೆ ಒಳ್ಳೆಯದು, ನಿನ್ನ ಅತ್ತೆ ನಲವತ್ತೊಂದು ವರ್ಷ ನನ್ನ ಮೇಲೆ ಕೋಪ ಮಾಡಿಕೊಂಡೇ ಗಟ್ಟಿಯಾಗಿದ್ದಳು.

ಇನ್ನೊಂದು ರೂಢಿ ಶುರುವಾಗಿದೆ. ಬೇಕರಿಗೆ ಹೋದರೆ ಬಾಯಿ ತಾನೇ ಪೂರ್ತಿ ಬ್ರೆಡ್ಡು ಎನ್ನುತ್ತದೆ. ಅರ್ಧ ಎನ್ನಲು ಬರುವುದಿಲ್ಲ. ಮೊದಲೆರಡು ತಿಂಗಳು ಉಳಿದದ್ದು ಬೂಸಲು ಹಿಡಿಯುತ್ತಿತ್ತು. ಈಗ ಮನೆಗೆ ಬರುವ ದಾರಿಯಲ್ಲೇ ಕ್ಷೌರದಂಗಡಿಗೆ ನುಗ್ಗಿ ಅರ್ಧ ಮುರಿದು ಅವನ ಕನ್ನಡಿಯ ಮುಂದೆ ಇಟ್ಟು ಬರುತ್ತೇನೆ. ಅವನು ಕೇಳುವುದಿಲ್ಲ, ನಾನು ಹೇಳುವುದಿಲ್ಲ. ಮೊನ್ನೆ ಅವನ ಅಂಗಡಿ ಮುಚ್ಚಿತ್ತು. ಆ ಅರ್ಧ ಹಿಡಿದುಕೊಂಡು ಎಷ್ಟು ಹೊತ್ತು ರಸ್ತೆಯಲ್ಲಿ ನಿಂತಿದ್ದೆನೋ, ಸೈಕಲ್ಲಿನವನೊಬ್ಬ ಬೆಲ್ಲು ಮಾಡಿದ ಮೇಲೆ ಸರಿದೆ.

ಆ ಕ್ಷೌರದವನ ಬಾಯಿ ನಿನಗೆ ಗೊತ್ತಲ್ಲ. ಒಂದು ಸಂಜೆ ಅರ್ಧ ಇಳಿಸಿದ ಷಟರಿನ ಕೆಳಗಿನಿಂದ ಬಗ್ಗಿ ಒಳಗೆ ಬಂದ. ಗೋಡೆಯ ಮೇಲಿನ ಸೀಮೆಸುಣ್ಣದ ಗೆರೆಗಳನ್ನು ಬೆರಳಿಟ್ಟು ಎಣಿಸಿದ. ಅವಳ ಕಡೆ ತೊಂಬತ್ತು ಚಿಲ್ಲರೆ, ನನ್ನ ಕಡೆ ಅರವತ್ತೂ ಇಲ್ಲ.

‘ಟೈಲರಣ್ಣ,’ ಎಂದ, ‘ಎದುರಿಗೆ ಯಾರೂ ಇಲ್ದೇ ಇದ್ರೂ ಸೋಲ್ತೀಯಲ್ಲ.’

‘ಅದು ಸೋಲಲ್ಲ, ಮರ್ಯಾದೆ,’ ಎಂದೆ.

‘ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅನ್ನು.’

‘ಮೀಸೆ ಇದ್ದದ್ದೇ ಹಾಗೆ ಮೇಲೆತ್ತಿಕೊಂಡಿರೋಕೆ.’

ಅವನು ನಗಲಿಲ್ಲ. ನನ್ನ ಎದುರಿನ ಸ್ಟೂಲಿನ ಮೇಲೆ ಕೂರಲು ಹೋಗಿ, ಕೂರದೆ, ನಿಂತುಕೊಂಡೇ ಬ್ರೆಡ್ಡಿಗೆ ಥ್ಯಾಂಕ್ಸ್ ಹೇಳಿ ಹೋದ. ಆರು ತಿಂಗಳಲ್ಲಿ ಆ ಸ್ಟೂಲಿನ ಮೇಲೆ ಯಾರೂ ಕೂತಿಲ್ಲ. ನಾನು ಬೇಡ ಎಂದದ್ದಿಲ್ಲ, ತಾವಾಗಿಯೇ ಕೂರುವುದಿಲ್ಲ.

ಮನುಷ್ಯ ಸುಮ್ಮನೆ ಪಂದ್ಯ ಕಟ್ಟಬಾರದು ಎಂದು ಈಗ ಅನಿಸುತ್ತದೆ. ನಿನ್ನ ಅತ್ತೆ ಭಾನುವಾರದೊಳಗೆ ಎದ್ದು ಮೆಷಿನ್ನಿನ ಮುಂದೆ ಕೂರುತ್ತಾಳೆ ಎಂದು ನಾನು ಅಂದದ್ದು ನಿಜ, ಆದರೆ ಅದನ್ನು ಅವಳು ಅಷ್ಟು ಗಟ್ಟಿಯಾಗಿ ಹಿಡಿಯಬೇಕಾಗಿರಲಿಲ್ಲ. ಈ ಸಾಲನ್ನು ಹೊಡೆದುಹಾಕಬೇಕೆಂದಿದ್ದೆ, ಪೆನ್ನು ಸೋರುತ್ತಿದೆ, ಕಾಗದ ಹಾಳಾಗುತ್ತದೆ. ಬಿಟ್ಟುಬಿಡು.

ಊಟ ಸರಿಯಾಗಿ ಮಾಡು. ಕೋಪವಿದ್ದರೆ ಬೈದು ಬರಿ, ಒಂದು ಕಾರ್ಡಿಗೆ ಎಷ್ಟು ಹಿಡಿಯುತ್ತದೋ ಅಷ್ಟು.

ನಿನ್ನ ಮಾವ


ಜುಲೈ 2

ಮಾವ,

ಕೋಪವಿಲ್ಲ. ಕೋಪ ಇದ್ದಿದ್ದರೆ ಚೆನ್ನಾಗಿತ್ತು. ಏನೂ ಇಲ್ಲ. ಪೆಟ್ಟಿಗೆ ಎತ್ತುತ್ತೇನೆ, ಇಡುತ್ತೇನೆ, ಇಳಿಯುತ್ತೇನೆ.

ನಿನ್ನ ತಮಾಷೆಯ ಪತ್ರ ಓದಿ ಸಾಕಾಗಿದೆ. ಅತ್ತೆ ಹೋದ ಮನೆಯಿಂದ ಬರುವ ಪತ್ರದಲ್ಲಿ ಕ್ಷೌರದವನು ಮೋಡ ಸರಿಸುವ ಕೋಲು ನಂಬಿದ ಎಂದು ಇರುತ್ತದೆ. ನಿನಗೆ ನಿಜವಾಗಿಯೂ ಹೀಗೇ ಇದೆಯೋ ಅಥವಾ ನನಗಾಗಿ ಬರೆಯುತ್ತೀಯೋ, ತಿಳಿಯುವುದಿಲ್ಲ. ನನಗಾಗಿ ಆದರೆ ಬೇಡ.

ಯಾವ ಪಂದ್ಯ? ಎಷ್ಟಕ್ಕೆ?

ನನ್ನ ಕೆಲಸದ ನೀಲಿ ಅಂಗಿಯ ಎರಡನೇ ಗುಂಡಿ ಜನವರಿಯಲ್ಲಿ ಹೋಯಿತು. ಪಿನ್ನು ಚುಚ್ಚಿಕೊಂಡು ಮೇಲೆ ಹತ್ತುತ್ತೇನೆ. ಮೇಸ್ತ್ರಿ ಎರಡು ಸಲ ಹೇಳಿದ್ದಾನೆ. ಟೈಲರ್ ಮನೆಯಲ್ಲಿ ಬೆಳೆದವಳು ಎಂದು ಅವನಿಗೆ ಗೊತ್ತಿಲ್ಲ. ಹೊಲಿಯಲು ಎರಡು ನಿಮಿಷ. ಕೈ ಹೋಗುತ್ತಿಲ್ಲ.


ಸೆಪ್ಟೆಂಬರ್ 27

ಸೂಜಿಗೆ,

ತಮಾಷೆ ಬೇಡ ಎಂದೆ ನೀನು. ಆದ್ದರಿಂದ ಬರೆಯಲು ಇಷ್ಟು ದಿನ ಬೇಕಾಯಿತು.

ಜ್ವರ ಬಂದು ಎಂಟು ದಿನ ಅಂಗಡಿ ತೆರೆಯಲಿಲ್ಲ. ಈಗ ಇಳಿದಿದೆ. ಹೋದ ವಾರ ಒಂದು ಬಿಳಿ ಅಂಗಿಯ ಕಾಲರು ಹೊಲಿಯುತ್ತಿದ್ದೆ. ಮುಗಿಸಿ ನೋಡಿದರೆ ಕೆಂಪು ಚುಕ್ಕಿ, ಒಂದಲ್ಲ, ಸಾಲಾಗಿ ಐದಾರು. ಬೆರಳಿಗೆ ಸೂಜಿ ಹೊಕ್ಕಿದ್ದು ಗೊತ್ತೇ ಆಗಿರಲಿಲ್ಲ. ಗಿರಾಕಿಗೆ ಬೇರೆ ಬಟ್ಟೆ ತಂದು ಹೊಲಿದುಕೊಟ್ಟೆ. ಡಾಕ್ಟರಿಗೆ ಬೆರಳು ತೋರಿಸಿದೆ. ವಯಸ್ಸು ಎಂದರು. ಬಿಸಿ, ತಣ್ಣಗೆ ಎರಡೂ ತಿಳಿಯುತ್ತಿದೆ, ಚುಚ್ಚಿದ್ದು ಮಾತ್ರ ತಿಳಿಯುವುದಿಲ್ಲ.

ಗಿರಾಕಿಗಳಿಗೆ ಹೊಸ ಕಾಯಿದೆ ಬೇಸರ ತರುತ್ತಿದೆ. ಹೊಸ ಬೀದಿಯಲ್ಲಿ ಇನ್ನೊಬ್ಬ ಟೈಲರ್ ಬಂದಿದ್ದಾನೆ, ಅಲ್ಲಿ ಸೂಜಿಗೆ ದಾರ ಅವನೇ ಹಾಕಿಕೊಳ್ಳುತ್ತಾನಂತೆ.

ಪಂದ್ಯ ಏನಿಲ್ಲ. ಗಂಡ ಹೆಂಡತಿ ಆಡಿಕೊಂಡ ಮಾತು. ಒಂದು ಹಿಡಿ ಗುಂಡಿ.

ಮಾವ


ನವೆಂಬರ್ 15

ಮಾವ,

ಈ ಸಲ ನಾನೇ ಉದ್ದ ಬರೆಯುತ್ತೇನೆ. ಕೂತು ಓದು.

ಇಲ್ಲಿ ಕ್ಯಾಂಟೀನಿನ ಗೋಡೆಗೆ ಒಂದು ಹಲಗೆ ಹಾಕಿದ್ದಾರೆ. ವರ್ಷ ಮುಗಿಯುತ್ತದೆ ಎಂದು. ಹೋದ ಡಿಸೆಂಬರಿನಿಂದ ಈಚೆಗೆ ಮರೆಯಲಾಗದ್ದು ಯಾವುದು, ಹೊಸದಾಗಿ ರೂಢಿ ಮಾಡಿಕೊಂಡದ್ದು ಯಾವುದು, ಚೀಟಿಯಲ್ಲಿ ಬರೆದು ಚುಚ್ಚಬೇಕು. ಹೆಸರು ಬೇಡ. ಲಾರಿಯವನೊಬ್ಬ ಮಗಳಿಗೆ ಮೊದಲ ಹಲ್ಲು ಬಂತು ಎಂದು ಬರೆದಿದ್ದಾನೆ. ಅಡುಗೆಯವನು ಬೀಡಿ ಬಿಟ್ಟೆ ಎಂದು ಬರೆದಿದ್ದಾನೆ, ಅದರ ಕೆಳಗೆ ಬೇರೆ ಯಾರೋ ‘ಸುಳ್ಳು’ ಎಂದು ಬರೆದಿದ್ದಾರೆ. ನಾನೂ ಒಂದು ಚೀಟಿ ತೆಗೆದುಕೊಂಡೆ. ಮೂರು ದಿನ ಜೇಬಿನಲ್ಲೇ ಇತ್ತು.

ರೂಢಿಗಳು ನನಗೂ ಇವೆ ಎಂದು ಬರೆಯಲು ಕೂತಾಗ ತಿಳಿಯಿತು. ಮಂಗಳವಾರ ಫೋನನ್ನು ಕೆಳಗೆ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು ಮೇಲೆ ಹತ್ತುತ್ತೇನೆ. ಲಾರಿಯ ಮೇಲೆ ಇಳಿಸಿದ ಪೆಟ್ಟಿಗೆ ಸ್ವಲ್ಪ ವಾಲಿ ಕೂತರೆ, ಕೆಳಗಿನವನು ಸಾಕು ಎಂದು ಕೈ ಆಡಿಸಿದರೂ, ನಾನು ಬಾಯಲ್ಲಿ ‘ಪರವಾಗಿಲ್ಲ’ ಎಂದು ಹೇಳಿ ಮತ್ತೆ ಎತ್ತಿ ಮತ್ತೆ ಇಡುತ್ತೇನೆ. ಗೂಡಿನಲ್ಲಿ ನಾನೊಬ್ಬಳೇ, ಯಾರಿಗೂ ಕೇಳಿಸುವುದಿಲ್ಲ. ಒಂದು ವರ್ಷದಿಂದ ದಿನಕ್ಕೆ ಹತ್ತು ಸಲವಾದರೂ ಹೇಳುತ್ತಿದ್ದೇನೆ. ಯಾವ ಪರವಾಗಿಲ್ಲ ಎಂದು ನಿನಗೆ ಗೊತ್ತಾಗುತ್ತದೆ.

ಇನ್ನು ಮರೆಯಲಾಗದ್ದು. ಡಿಸೆಂಬರ್ ನಾಲ್ಕು, ಗುರುವಾರ, ನನ್ನ ಲೈಸೆನ್ಸ್ ಪರೀಕ್ಷೆ. ಆ ದಿನ ತಪ್ಪಿದರೆ ಮತ್ತೆ ಆರು ತಿಂಗಳು ಕಾಯಬೇಕಿತ್ತು. ನಾನು ನಿನಗೆ ಫೋನ್ ಮಾಡಿದ್ದು ಅದಕ್ಕೆ ಎರಡು ದಿನ ಮೊದಲು.

ನೀನು ಪರವಾಗಿಲ್ಲ ಎಂದೆ. ಹೇಳುವ ಮೊದಲು ಸ್ವಲ್ಪ ತಡೆದೆ. ಗಿರಾಕಿ ಎದುರಿಗಿರುವಾಗ ತಡೆಯುತ್ತೀಯಲ್ಲ, ಹಾಗೆ. ನನಗೆ ಅರ್ಥವಾಯಿತು, ಮಾವ. ಆ ಕ್ಷಣವೇ. ಕೂತಲ್ಲಿಂದ ಎದ್ದು ನಿಂತಿದ್ದೆ, ಬ್ಲೇಡು ತರಲು ಎದ್ದ ಹಾಗೆ. ಆಮೇಲೆ ಕೂತೆ. ಇದು ಬೀದಿಯದೇ ಇರಬೇಕು ಎಂದುಕೊಂಡೆ, ಊರು ಬಿಟ್ಟು ಎಷ್ಟು ವರ್ಷವಾಯಿತು, ಮಾವನಿಗೂ ವಯಸ್ಸಾಯಿತು, ಎಲ್ಲರಂತೆ ಮಾತಾಡುತ್ತಾನೆ ಎಂದುಕೊಂಡೆ. ಗುರುವಾರ ಪಾಸಾದೆ. ಶನಿವಾರ ನಿನ್ನ ಫೋನು ಬಂತು.

ಅತ್ತೆ ನಿದ್ದೆಯಲ್ಲಿದ್ದಳು ಎಂದು ನೀನು ಬರೆದದ್ದನ್ನು ಮಾರ್ಚಿನಿಂದ ಎಷ್ಟು ಸಲ ಓದಿದ್ದೇನೋ. ಅದು ನಿಜವಾಗಿರಲಿ ಎಂದು ಓದುತ್ತೇನೆ. ಅದಕ್ಕೇ ಇಷ್ಟು ದಿನ ಉತ್ತರ ಬರೆಯಲಿಲ್ಲ, ಬರೆದರೆ ನೀನು ಬೇರೆ ಏನಾದರೂ ಹೇಳಿಬಿಡುತ್ತೀಯ ಎಂದು. ನೀನು ಅದನ್ನು ಕೋಪ ಎಂದುಕೊಂಡೆ.

ಚೀಟಿ ಚುಚ್ಚಲಿಲ್ಲ.

ಡಿಸೆಂಬರ್ ಆರಕ್ಕೆ ವರ್ಷವಾಗುತ್ತದೆ. ರಜೆ ಕೇಳಿದರೆ ಸಿಗುತ್ತದೆ. ಬರ್ಲಾ?

ಒಂದೇ ಮಾತು ಬರಿ. ಆ ಮಾತು ಮಾತ್ರ ಬೇಡ, ಬೀದಿಯದೂ ಬೇಡ ಅಂಗಡಿಯದೂ ಬೇಡ.


ನವೆಂಬರ್ 26

ಸೂಜಿಗೆ,

ಬಾ.

ನೀನು ಕೇಳಿದ್ದು ಇಷ್ಟೇ. ಮುಂದಿನದನ್ನು ಓದದೆ ಟಿಕೆಟ್ ತೆಗೆಸಬಹುದು. ಓದುವುದಾದರೆ, ತೆಗೆಸಿದ ಮೇಲೆ ಓದು.

ನನ್ನದೂ ಒಂದು ಚೀಟಿ ಇದೆ. ಅವಳು ಹೋಗುವ ವಾರದ ಸೋಮವಾರ ಡಾಕ್ಟರು ಮನೆಗೆ ಬಂದು ನೋಡಿದರು. ಹೊರಗೆ ಕರೆದು, ಹತ್ತಿರದವರಿಗೆ ತಿಳಿಸಿಬಿಡಿ ಎಂದರು. ನಾನು, ಹತ್ತಿರದವನು ನಾನೇ ಡಾಕ್ಟ್ರೇ, ಎರಡಡಿ ದೂರದಲ್ಲೇ ಇದ್ದೇನೆ ಎಂದೆ. ಅವರು ಚೀಲ ಎತ್ತಿಕೊಂಡು ಹೋದರು. ಒಳಗೆ ಬಂದರೆ ಅವಳು ದಿಂಬಿಗೆ ಒರಗಿ ಕೂತಿದ್ದಳು. ಗೋಡೆ ತೆಳು, ಎಲ್ಲ ಕೇಳಿಸಿತ್ತು.

‘ಸೂಜಿಗೆ ಹೇಳು, ಬರ್ಲಿ,’ ಎಂದಳು.

ನಾನು, ಅವಳನ್ನು ಯಾಕೆ ಅಷ್ಟು ದೂರದಿಂದ ಓಡಿಸಬೇಕು, ಭಾನುವಾರದೊಳಗೆ ನೀನು ಮೆಷಿನ್ನಿನ ಮುಂದೆ ಕೂರುತ್ತೀಯ, ಬೇಕಾದರೆ ಪಂದ್ಯ ಎಂದೆ.

‘ಎಷ್ಟಕ್ಕೆ?’

‘ನನ್ನ ಡಬ್ಬ ಪೂರ್ತಿ.’

ನಕ್ಕಳು, ಕೆಮ್ಮು ಬಂತು. ನಿಂತ ಮೇಲೆ, ‘ಸೋತ್ರೆ ಎಣಿಸಿ ಕೊಡ್ಬೇಕು. ನಿನ್ನ ಹಾಗೆ ಬಾಚಿ ಸುರಿಯೋದಲ್ಲ,’ ಎಂದಳು. ಸರಿ ಎಂದೆ. ನಿನ್ನನ್ನು ಕರೆಸಿದರೆ ನಾನೇ ಸೋತೆ ಎಂದು ಒಪ್ಪಿಕೊಂಡ ಹಾಗೆ. ಅದೂ ಪಂದ್ಯದೊಳಗೇ ಇತ್ತು, ಇಬ್ಬರಿಗೂ ಗೊತ್ತಿತ್ತು.

ಮಂಗಳವಾರ ನೀನು ಫೋನ್ ಮಾಡಿದಾಗ ಅವಳು ನಿದ್ದೆಯಲ್ಲಿರಲಿಲ್ಲ. ಪಕ್ಕದಲ್ಲೇ ಇದ್ದಳು. ಫೋನಿಗೆ ಕೈ ಚಾಚಿದಳು. ನಾನು ಕೊಡಲಿಲ್ಲ. ಬಾ ಎಂದರೆ ಅವಳು ಉಳಿಯುವುದಿಲ್ಲ ಎಂದು ನನ್ನ ಬಾಯಿಂದಲೇ ಹೇಳಿದಂತಾಗುತ್ತಿತ್ತು. ಬರಬೇಡ ಎನ್ನಲೂ ಆಗಲಿಲ್ಲ. ಅದಕ್ಕೆ ಆ ಮಾತು ಅಂದೆ. ಅಂಗಡಿಯದೇ. ನಾನು ಕರೆಯದೆ ನೀನು ಬಂದುಬಿಟ್ಟರೆ ಪಂದ್ಯವೂ ಉಳಿಯಿತು, ನೀನೂ ಬಂದ ಹಾಗಾಯಿತು ಎಂದು. ಗಿರಾಕಿಗಳಿಗೆ ಇಂಥ ಚಾಲಾಕಿ ಎಷ್ಟು ಮಾಡಿಲ್ಲ ನಾನು.

ಫೋನು ಕೆಳಗಿಟ್ಟ ಮೇಲೆ ಅವಳು ಕೈ ಹೊದಿಕೆಯೊಳಗೆ ಎಳೆದುಕೊಂಡಳು. ‘ಬರ್ತಾಳೆ ಬಿಡು. ಅವಳಿಗೆ ಅರ್ಥ ಆಗತ್ತೆ,’ ಎಂದಳು.

ಬುಧವಾರ, ಗುರುವಾರ, ಶುಕ್ರವಾರ ಬಾಗಿಲ ಕಡೆ ಮುಖ ಮಾಡಿ ಮಲಗಿದಳು. ಏನೂ ಕೇಳಲಿಲ್ಲ. ಶುಕ್ರವಾರ ಸಂಜೆ ಒಮ್ಮೆ ಮಾತ್ರ, ರೈಲು ತಡ ಇರಬೇಕು ಎಂದಳು. ಇರಬೇಕು ಎಂದೆ.

ಇದನ್ನು ನಿನಗೆ ಬರೆಯಬಾರದು ಎಂದು ವರ್ಷವೆಲ್ಲ ಅಂದುಕೊಂಡಿದ್ದೆ. ನಿನಗೆ ಬೀದಿಯದೇ ಕೇಳಿಸಿದೆ, ಹಾಗೇ ಇರಲಿ, ತಪ್ಪು ನನ್ನೊಬ್ಬನ ಹತ್ತಿರ ಇರಲಿ ಎಂದು. ಈಗ ನೀನು ಅರ್ಥವಾಗಿತ್ತು ಎಂದು ಬರೆದಿದ್ದೀಯ. ಹಾಗಾದರೆ ಅವಳು ಅಂದದ್ದು ಸರಿಯಾಗಿತ್ತು. ನಿನ್ನ ವಿಷಯದಲ್ಲಿ ಅವಳು ಯಾವಾಗಲೂ ಸರಿಯೇ. ಇದರಿಂದ ನಿನಗೆ ಹಗುರವಾಗುತ್ತದೋ ಭಾರವಾಗುತ್ತದೋ ನನಗೆ ತಿಳಿಯದು. ನನಗೆ ಎರಡೂ ಆಗಲಿಲ್ಲ. ಪತ್ರ ಮಡಚಿಟ್ಟು ಒಂದು ಪ್ಯಾಂಟಿನ ಅಂಚು ಹೊಲಿದೆ.

ಆಮೇಲೆ ಷಟರು ಪೂರ್ತಿ ಇಳಿಸಿದೆ. ಡಬ್ಬದ ಮುಚ್ಚಳಕ್ಕೆ ತುಕ್ಕು ಹಿಡಿದಿಲ್ಲ, ಹಿಡಿದೂ ಇರಲಿಲ್ಲ. ಗೋಡೆಯ ಗೆರೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ವರ್ಷವೆಲ್ಲ ನಾನು ಆಡಿದ್ದು ಒಂದು ಹಳೆಯ ಬಾಕಿಯನ್ನು ಮುಚ್ಚಿಡಲು, ಅಷ್ಟೆ. ಕ್ಷೌರದವನು ಬಾಗಿಲು ಬಡಿದ, ಒಳಗೆ ಬಿಟ್ಟೆ. ಎಣಿಸುತ್ತೇನೆ, ನೀನೂ ನೋಡುತ್ತಿರು, ಅವಳ ಪರವಾಗಿ ಒಬ್ಬರು ಬೇಕು ಎಂದೆ. ಸ್ಟೂಲಿನ ಮೇಲೆ ಕೂರು ಎಂದೆ. ಕೂತ. ಎಣಿಸುವಾಗ ಮೀಸೆಯ ಮಾತು ಎತ್ತಲಿಲ್ಲ. ಅದು ಮಣ್ಣಾದದ್ದು ಅವನಿಗೆ ಕಾಣಿಸುತ್ತಿತ್ತು.

ಎರಡನೇ ಗುಂಡಿ ಇಲ್ಲದ ಆ ಅಂಗಿಯನ್ನು ಹಾಕಿಕೊಂಡೇ ಬಾ. ಅವಳು ಪೋಣಿಸಿಟ್ಟ ಕಪ್ಪು ದಾರದ ಸೂಜಿ ಗೋಡೆಯ ಪುಟ್ಟ ದಿಂಬಿನಲ್ಲೇ ಇದೆ. ನೀಲಿಗೆ ಕಪ್ಪು ಹೊಂದುವುದಿಲ್ಲ ಎನ್ನಬೇಡ. ಗುಂಡಿಯನ್ನು ಅವಳ ಜಾಡಿಯಿಂದ ತೆಗೆದುಕೊಳ್ಳೋಣ, ಈಗ ಎಲ್ಲ ಅವಳವೇ. ಹೊಲಿಯುವುದು ನೀನು, ನನ್ನ ಬೆರಳನ್ನು ನಂಬಬೇಡ.

ಒಂದು ಹಿಡಿ ಎಂದು ಬರೆದಿದ್ದೆ. ಒಂದು ಹಿಡಿ ಅಲ್ಲ. ಎರಡು ಸಲ ಎಣಿಸಿದೆವು, ಎರಡು ಸಲವೂ ಅಷ್ಟೇ ಬಂತು. ನಾನು ಸೋತದ್ದು ಒಂದು ಸಾವಿರದ ನೂರ ಹದಿಮೂರು ಗುಂಡಿ, ಮತ್ತು ಮಂಗಳವಾರದಿಂದ ಶನಿವಾರದವರೆಗೆ ನಾಲ್ಕು ದಿನ.